ಎರಡು ಚೆಂಡಿನಲ್ಲಿ ಎಡಗಡೆಯದು

೯ ಜುಲೈ

ನನ್ನ ಹಲ್ಲಿಗೆ,

ಇಲ್ಲಿ ಎಲ್ಲವೂ ನೆಟ್ಟಗಿದೆ, ನನ್ನ ಕಿವಿಯೊಂದನ್ನು ಬಿಟ್ಟು. ಮೊನ್ನೆ ನೀನು ಫೋನಿನಲ್ಲಿ ಅಷ್ಟು ಹೊತ್ತು ಕಿರುಚಿದ್ದರಲ್ಲಿ ನನಗೆ ಕೇಳಿಸಿದ್ದು ಒಂದೇ ಮಾತು, "ನಾನೇ". ಏನು ನೀನೇ, ಯಾಕೆ ನೀನೇ, ಒಂದೂ ತಿಳಿಯಲಿಲ್ಲ. ಸದ್ದಿಲ್ಲದೆ ಮದುವೆಯೇನಾದರೂ ಮಾಡಿಕೊಂಡುಬಿಟ್ಟೆಯೋ ಅಂತ ಎದೆ ಧಸಕ್ಕೆಂದು ಪಕ್ಕದ ಮನೆಯವಳ ಕೈಗೆ ಫೋನು ಕೊಟ್ಟೆ. ಅವಳು ಕೇಳಿಸಿಕೊಂಡು ನನ್ನ ಅಂಗೈ ಮೇಲೆ ಬೆರಳಿನಿಂದ "ಒಂದು" ಅಂತ ಬರೆದಳು. ಆಗ ಅರ್ಥವಾಯಿತು. ಈ ವರ್ಷ ಗೋಲಿನಲ್ಲಿ ನಿಲ್ಲುವ ಮೊದಲನೇ ಆಳು ನೀನು. ಒಂದನೇ ನಂಬರಿನ ಅಂಗಿ ನಿನ್ನದು.

ನಾನು ಅಳಲಿಲ್ಲ. ನಾನು ಅತ್ತಿದ್ದೆ ಅಂತ ಪಕ್ಕದ ಮನೆಯವಳು ಹೇಳಿದರೆ ನಂಬಬೇಡ, ಅವಳ ಅಡುಗೆಮನೆಯ ಹೊಗೆ ಅದು.

ಮರುದಿನ ಬಸ್ ಡಿಪೋದಲ್ಲಿ, ಸೀಟು ಹೊಲಿಯುವ ನಮ್ಮ ವಿಭಾಗದಲ್ಲಿ, ಎಲ್ಲರಿಗೂ ಹೇಳಿದೆ. ಮೇಸ್ತ್ರಿ ಬಾಯಿ ದೊಡ್ಡದು ಮಾಡಿ ನಿಧಾನವಾಗಿ ಮಾತಾಡುತ್ತಾನಲ್ಲ, ನಾನು ತುಟಿ ಓದಲಿ ಅಂತ. "ಯಾರು, ನಮ್ಮ ಗೋಡೆಗೆ ಅಂಟಿಕೊಂಡಿರುತ್ತಿದ್ದಳಲ್ಲ, ಆ ಹಲ್ಲೀನಾ?" ಅಂದ. ಅದೇ ಹಲ್ಲಿ ಅಂದೆ. ಅವನಿಗೆ ಇನ್ನೂ ನೆನಪಿದೆ. ಡ್ರೈವರುಗಳ ಹುಡುಗರು ಡಿಪೋದ ಹಿಂದಿನ ಗೋಡೆಗೆ ಚೆಂಡು ಒದೆಯುತ್ತಿದ್ದರೆ ನೀನು ಗೋಡೆಗೆ ಬೆನ್ನು ಹಚ್ಚಿ ನಿಂತು ಒಂದನ್ನೂ ಗೋಡೆಗೆ ತಾಗಗೊಡುತ್ತಿರಲಿಲ್ಲ. ಸೊಂಟ, ಮೊಣಕೈ ಎಲ್ಲ ತರಚಿಕೊಂಡು ಬರುತ್ತಿದ್ದೆ. ಹಳೇ ಸೀಟಿನ ಸ್ಪಂಜು ಕತ್ತರಿಸಿ, ರೆಕ್ಸಿನ್ ಹಾಕಿ, ದಬ್ಬಳದಲ್ಲಿ ಹೊಲಿದು ನಿನ್ನ ಸೊಂಟಕ್ಕೆ ಕಟ್ಟಿದ್ದೆ. ಕಟ್ಟಿಸಿಕೊಂಡು ಕನ್ನಡಿ ನೋಡಿ, "ದೊಡ್ಡಮ್ಮ, ನಾನು ಬಸ್ಸಿನ ಹಾಗೆ ಕಾಣ್ತೀನಿ" ಅಂದಿದ್ದೆ. ನಿಮ್ಮಮ್ಮ ತೀರಿಹೋಗಿ ಆಗಿನ್ನೂ ಹೆಚ್ಚು ದಿನ ಆಗಿರಲಿಲ್ಲ. ಆ ಮನೆಯಲ್ಲಿ ಮತ್ತೆ ನಗು ಬಂದದ್ದು ಅವತ್ತೇ.

ಇನ್ನು ಮೇಲೆ ಫೋನು ಬೇಡ, ಕಾಗದ ಬರಿ. ತಗಡು ಬಡಿಯುವವರ ಪಕ್ಕ ಇಷ್ಟು ವರ್ಷ ಕೂತು ನನ್ನ ಕಿವಿಗೆ ತಗಡಿನ ಸದ್ದೊಂದೇ ಒಗ್ಗಿರುವುದು. ಕಣ್ಣು ಮಾತ್ರ ಗಟ್ಟಿ. ಶಾಲೆ ಕಾಣದೆ, ಹಳೇ ಸೀಟಿನೊಳಗೆ ತುರುಕಿರುತ್ತಿದ್ದ ಪೇಪರು ಬಿಡಿಸಿ ಬಿಡಿಸಿ ಓದು ಕಲಿತವಳು ನಾನು. ಒಂದು ಸೀಟಿನಲ್ಲಿ ಕೊಲೆಯ ಸುದ್ದಿ ಸಿಕ್ಕರೆ, ಕೊಲೆಗಾರ ಸಿಕ್ಕಿದನೋ ಇಲ್ಲವೋ ತಿಳಿಯಲು ಇನ್ನೊಂದು ಬಸ್ಸು ರಿಪೇರಿಗೆ ಬರುವ ತನಕ ಕಾಯಬೇಕಿತ್ತು. ನೀನು ಹಾಗೆ ಕಾಯಿಸಬೇಡ.

ನಿನ್ನ,
ದೊಡ್ಡಮ್ಮ


೨೮ ಜುಲೈ

ದೊಡ್ಡಮ್ಮಾ,

ಮದುವೆ ಅಂತೆ ಮದುವೆ! ಮೂವತ್ತೊಂದು ವರ್ಷದ, ಬೆರಳೆಲ್ಲ ಸೊಟ್ಟಗಾಗಿರೋ ಹುಡುಗಿಯನ್ನ ಯಾರು ನೋಡೋಕೆ ಬರ್ತಾರೆ? ಉಂಗುರ ಹಾಕೋಕೆ ಒಂದು ನೆಟ್ಟಗಿನ ಬೆರಳು ಹುಡುಕಬೇಕು.

ನಿನಗೆ ನಾನು ಯಾವತ್ತೂ ಪೂರ್ತಿ ಹೇಳಿರಲಿಲ್ಲ. ಎರಡನೇ ಗೋಲ್‌ಕೀಪರ್ ಅಂದರೆ ಏನು ಗೊತ್ತಾ? ಮ್ಯಾಚಿಗೆ ಮುಂಚೆ ಮೊದಲನೆಯವಳ ಕೈ ಬಿಸಿಯಾಗಲಿ ಅಂತ ಅವಳಿಗೆ ಚೆಂಡು ಹೊಡೆದುಕೊಡೋದು. ಆಮೇಲೆ ಕೋಟು ಹಾಕ್ಕೊಂಡು ಬೆಂಚಿನ ಮೇಲೆ ಕೂರೋದು. ಉಳಿದವರಿಗೆಲ್ಲ ಒಂದು ಆಸೆ ಇರುತ್ತೆ, ಕೊನೇ ಗಳಿಗೆಯಲ್ಲಾದರೂ ಕರೀತಾರೆ ಅಂತ. ನಮಗೆ ಅದೂ ಇಲ್ಲ. ಮೊದಲನೆಯವಳ ಮೂಳೆ ಮುರಿದರೆ ಮಾತ್ರ ನಮ್ಮ ಬಾಗಿಲು ತೆಗೆಯೋದು. ಅವಳ ಮೂಳೆ ಮುರೀಲಿ ಅಂತ ಮನಸ್ಸಿನಲ್ಲೇ ಬೇಡ್ಕೊಂಡು, ಆಮೇಲೆ ಅವಳ ಪಕ್ಕದಲ್ಲೇ ಕೂತು ಊಟ ಮಾಡೋ ಕೆಲಸ ಇದು. ಒಂಬತ್ತು ವರ್ಷ ಮಾಡಿದೆ. ಈ ಸಲ ಆ ಗೋಲು ನನ್ನದು. ಈ ವರ್ಷ ಚೆನ್ನಾಗಿ ನಿಂತರೆ ದೇಶದ ತಂಡಕ್ಕೆ ಆರಿಸೋರು ನೋಡ್ತಾರೆ. ನಿಲ್ಲದಿದ್ದರೆ ಈ ವಯಸ್ಸಿನಲ್ಲಿ ಇನ್ನೊಂದು ಸಲ ಅನ್ನೋದಿಲ್ಲ.

ಈಗ ನನ್ನ ಹಿಂದೆ ಕೂರೋಳು ಹತ್ತೊಂಬತ್ತು ವರ್ಷದ ಹುಡುಗಿ. ಕಡ್ಡಿ ಅಂತ ಕರೀತೀವಿ, ಹಾಗೇ ಇದ್ದಾಳೆ. ಒಳ್ಳೆ ಹುಡುಗಿ. ನನ್ನ ಮೂಳೆ ಯಾವಾಗ ಮುರಿಯುತ್ತೆ ಅಂತ ಕಾಯ್ತಾ ಇದ್ದಾಳೆ, ಪಾಪ.

ಮೊನ್ನೆ ಒಂದು ತಮಾಷೆ ಆಯ್ತು. ಸೀಸನ್ ಶುರುವಾಗೋ ಮುಂಚೆ ತಲೆಯ ಪರೀಕ್ಷೆ ಇರುತ್ತೆ. ಕಂಪ್ಯೂಟರಿನಲ್ಲಿ ಒಂದಷ್ಟು ಪದ, ಚಿತ್ರ ತೋರಿಸ್ತಾರೆ, ಆಮೇಲೆ ಯಾವುದು ನೆನಪಿದೆ ಅಂತ ಕೇಳ್ತಾರೆ. ಮುಂದೆ ಯಾವತ್ತಾದರೂ ತಲೆಗೆ ಏಟು ಬಿದ್ದರೆ ಅದೇ ಪರೀಕ್ಷೆ ಮತ್ತೆ ಮಾಡ್ತಾರೆ. ಮೊದಲಿಗಿಂತ ಕಡಿಮೆ ಬಂದರೆ ಆಟಕ್ಕೆ ಬಿಡಲ್ಲ. ಅದಕ್ಕೆ ನಾವು ಹಳಬರೆಲ್ಲ ಮೊದಲನೇ ಸಲವೇ ಬೇಕಂತ ತಪ್ಪು ಉತ್ತರ ಕೊಡ್ತೀವಿ. ನಾನಂತೂ ಮರವನ್ನು ಮನೆ ಅಂದೆ, ಮನೆಯನ್ನು ಮೀನು ಅಂದೆ. ಡಾಕ್ಟರು ಅಂಕ ನೋಡಿ, "ನೀವು ಮನೆಗೆ ದಾರಿ ಹುಡುಕಿಕೊಂಡು ಹೋಗ್ತೀರಾ?" ಅಂತ ಕೇಳಿದರು. ಹೊರಗೆ ಬಂದು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಕಡ್ಡಿ ಮಾತ್ರ ಎಲ್ಲ ಸರಿಯಾಗಿ ಹೇಳಿ ಪೂರ್ತಿ ಅಂಕ ತಗೊಂಡು ಬಂದಳು. ಪೆದ್ದಿ.

ಇದರ ಜೊತೆ ಗ್ಲೌಸ್ ಕಳಿಸ್ತಿದೀನಿ. ಮಣಿಕಟ್ಟಿನ ಪಟ್ಟಿ ಕಿತ್ತಿದೆ. ಅಂಗಡಿಯವರ ಹೊಲಿಗೆ ಒಂದು ಮ್ಯಾಚೂ ತಡೆಯಲ್ಲ.

ನಿನ್ನ,
ಹಲ್ಲಿ


೧೧ ಆಗಸ್ಟ್

ಜಾಣೆ ಹಲ್ಲಿಗೆ,

ಮನೆಯನ್ನು ಮೀನು ಅಂದೆಯಂತೆ! ಓದಿ ನಕ್ಕು ನಕ್ಕು ದಬ್ಬಳ ಬೆರಳಿಗೆ ಚುಚ್ಚಿಕೊಂಡೆ. ಮೇಸ್ತ್ರಿಗೂ ಓದಿ ಹೇಳಿದೆ. ಅವನು ಬಾಯಿ ಅಗಲಿಸಿ, "ನಿನ್ನ ಕೈಯಲ್ಲಿ ಬೆಳೆದವಳಲ್ಲವಾ, ಇನ್ನೇನಾಗ್ತಾಳೆ" ಅಂದ. ಬೈದನೋ ಹೊಗಳಿದನೋ ಅವನಿಗೇ ಗೊತ್ತು.

ನಮ್ಮ ಡಿಪೋದಲ್ಲೂ ಇಂಥವನೊಬ್ಬನಿದ್ದ. ನೀನು ಹುಟ್ಟುವ ಮುಂಚಿನ ಮಾತು. ಒಬ್ಬ ಡ್ರೈವರಿಗೆ ಕಣ್ಣು ಮಂಜಾಗಿತ್ತು. ಕಣ್ಣಿನ ಪರೀಕ್ಷೆಗೆ ಗೋಡೆಗೆ ನೇತುಹಾಕುವ ಅಕ್ಷರದ ಹಲಗೆಯನ್ನೇ ಮೇಲಿಂದ ಕೆಳಗೆ ಬಾಯಿಪಾಠ ಮಾಡಿಕೊಂಡು ಹೋದ. ಡಾಕ್ಟರು ಕಡ್ಡಿ ಇಟ್ಟು ತೋರಿಸುವ ಮುಂಚೆಯೇ ಗಡಗಡ ಹೇಳಿ ಮುಗಿಸಿದನಂತೆ. "ನಿನ್ನ ಕಣ್ಣು ಹದ್ದಿನ ಕಣ್ಣಪ್ಪ" ಅಂತ ಬರೆದುಕೊಟ್ಟರಂತೆ. ನಾವು ವರ್ಷಗಟ್ಟಲೆ ಅವನನ್ನು ಹದ್ದು ಅಂತಲೇ ಕರೆದೆವು.

ಗ್ಲೌಸ್ ಹೊಲಿದು ಕಳಿಸಿದ್ದೇನೆ. ಮೇಣ ಹಚ್ಚಿದ ಎರಡೆಳೆ ದಾರ, ಸೀಟಿನ ಅಂಚಿಗೆ ಹಾಕುವ ಹೊಲಿಗೆ. ನಲವತ್ತು ಜನ ಕೂತು ಎದ್ದರೂ ಬಿಚ್ಚದ್ದು ನಿನ್ನ ಒಂದು ಚೆಂಡಿಗೆ ಬಿಚ್ಚುತ್ತದೆಯೇ? ಎಡಗೈಯ ಒಳಗೆ ಎಂದಿನ ಹಾಗೆ ಒಂದು ಕೆಂಪು ಗಂಟು ಹಾಕಿದ್ದೇನೆ. ಹಾಕಿಕೊಳ್ಳುವಾಗ ಬೆರಳಿಗೆ ತಾಗುತ್ತದೆ. ತಾಗಿದಾಗ ನಾನು ಇದ್ದೇನೆ ಅಂದುಕೋ.

ದೊಡ್ಡಮ್ಮ


೨೦ ಸೆಪ್ಟೆಂಬರ್

ದೊಡ್ಡಮ್ಮಾ,

ಗ್ಲೌಸ್ ಬಂತು. ಗಂಟು ತಾಗ್ತು. ಆರು ಮ್ಯಾಚಿನಲ್ಲಿ ನಾಲ್ಕರಲ್ಲಿ ಒಂದೂ ಗೋಲು ಬಿಟ್ಟಿಲ್ಲ!

ಅಲ್ಲಿ ನಿಂತರೆ ಹೇಗಿರುತ್ತೆ ಅಂತ ನಿನಗೆ ಹೇಳ್ಬೇಕು. ಎಲ್ಲರೂ ಚೆಂಡಿನ ಹಿಂದೆ ಓಡ್ತಾರೆ, ನಾನೊಬ್ಬಳು ಅದಕ್ಕೆ ಕಾಯ್ತೀನಿ. ಚೆಂಡು ಅತ್ತ ಕಡೆ ಇದ್ದಾಗ ಮೈದಾನ ಖಾಲಿ ಮನೆ ಹಾಗೆ. ಒಬ್ಬಳೇ ಮಾತಾಡ್ಕೊಳ್ತೀನಿ, ಕಂಬ ಮುಟ್ಟಿ ನೋಡ್ತೀನಿ, ಎಡಗಡೆಯದು, ಬಲಗಡೆಯದು, ಎರಡೂ ಅಲ್ಲೇ ಇವೆಯಾ ಅಂತ. ಆಮೇಲೆ ಒಮ್ಮೆಗೇ ಎಲ್ಲರೂ ನನ್ನ ಮೇಲೆ ನುಗ್ತಾರೆ. ಕಿರುಚ್ತೀನಿ ದೊಡ್ಡಮ್ಮ, ನೀನು ಕೂಡ ಕೇಳಿಸ್ಕೊಳ್ಳೋ ಅಷ್ಟು. ಡಿಫೆಂಡರುಗಳಿಗೆ "ಎಡಕ್ಕೆ ಹೋಗೇ, ಏಯ್ ನಿನಗೇ, ನಿದ್ದೆ ಮಾಡ್ತಿದೀಯಾ?" ಅಂತ ಬೈತೀನಿ. ಆಟ ಮುಗಿದ ಮೇಲೆ ಅವರೇ ಬಂದು ತಬ್ಕೊಳ್ತಾರೆ. ಚೆಂಡು ಕೈಗೆ ಬಂದು ಎದೆಗೆ ಅಪ್ಪಿಕೊಂಡ ಆ ಒಂದು ಗಳಿಗೆ ಇದೆಯಲ್ಲ, ಆಗ ಪ್ರಪಂಚದಲ್ಲಿ ಯಾರೂ ನನ್ನಿಂದ ಏನನ್ನೂ ಕಿತ್ಕೊಳ್ಳೋಕೆ ಆಗಲ್ಲ ಅನ್ನಿಸುತ್ತೆ.

ಹಾಂ, ಹೋದ ಮ್ಯಾಚಿನಲ್ಲಿ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯೋ ಚೆಂಡು, ಹಿಡಿಯೋವಾಗ ಆ ಕಡೆಯವಳ ಮಂಡಿ ಕಿವಿಯ ಮೇಲಕ್ಕೆ ಬಡೀತು. ಚೆಂಡು ಮಾತ್ರ ಬಿಡಲಿಲ್ಲ. ಮರುದಿನ ಕಂಪ್ಯೂಟರ್ ಮುಂದೆ ಕೂರಿಸಿದರು. ಮೊದಲಿನಷ್ಟೇ ಅಂಕ! ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಮೀನು ಕಾಪಾಡ್ತು ನೋಡು.

ನಿನ್ನ ಹಲ್ಲಿ


೨೯ ಸೆಪ್ಟೆಂಬರ್

ದೊಡ್ಡಮ್ಮ,

ತುಂಬ ದಿನ ಆಯ್ತು ಬರೆದು. ಒಂದು ಸುದ್ದಿ. ಕಾರ್ನರ್ ಹಿಡಿಯೋವಾಗ ಒಬ್ಬಳ ಮಂಡಿ ಕಿವಿಯ ಮೇಲಕ್ಕೆ ಬಡೀತು. ಚೆಂಡು ಬಿಡಲಿಲ್ಲ. ಡಾಕ್ಟರ್ ಪರೀಕ್ಷೆ ಮಾಡಿದರು, ಮೊದಲಿನಷ್ಟೇ ಬಂತು, ಬೆನ್ನು ತಟ್ಟಿದರು. ಮೀನು ಕಾಪಾಡ್ತು.

ಗ್ಲೌಸ್ ಹೊಲಿದು ಆಯ್ತಾ? ಬೇಗ ಕಳಿಸು. ಬೇರೆ ಜೊತೆ ಹಾಕ್ಕೊಂಡರೆ ಗಂಟು ತಾಗಲ್ಲ.

ಹಲ್ಲಿ


೮ ಅಕ್ಟೋಬರ್

ಹಲ್ಲಿ,

ಒಂದೇ ಸುದ್ದಿಯನ್ನು ಎರಡು ಸಲ ಬರೆದಿದ್ದೀಯ. ಕಾಗದ ಪುಕ್ಕಟೆ ಸಿಗುತ್ತದೇನು ಅಲ್ಲಿ, ಅಂತ ಕೇಳಿ ನಗಬೇಕೆಂದುಕೊಂಡೆ. ನಗು ಬರಲಿಲ್ಲ. ಗ್ಲೌಸ್ ಆಗಸ್ಟಿನಲ್ಲೇ ಕಳಿಸಿದ್ದೆ. ಬಂತು, ಗಂಟು ತಾಗಿತು ಅಂತ ನೀನೇ ಬರೆದಿದ್ದೆ. ಎರಡೂ ಕಾಗದ ಮುಂದಿಟ್ಟುಕೊಂಡು ಕೂತಿದ್ದೇನೆ. ಮೊದಲನೆಯದರಲ್ಲಿ ಗೆರೆ ಎಳೆದ ಹಾಗೆ ಬರೆದಿದ್ದೀಯ. ಎರಡನೆಯದರಲ್ಲಿ ಸಾಲು ಜಾರಿ ಜಾರಿ ಕೆಳಗೆ ಬಂದಿದೆ.

ಕೆಲಸ ಹೆಚ್ಚಾಗಿ ಮರೆತಿರಬೇಕು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿನ್ನೆ ಮೇಸ್ತ್ರಿ ತನ್ನ ಫೋನು ಹಿಡಿದುಕೊಂಡು ಓಡಿಬಂದ. "ನಿನ್ನ ಹಲ್ಲಿ ಬಂದಿದ್ದಾಳೆ ನೋಡು, ಎಲ್ಲರೂ ನೋಡ್ತಿದಾರೆ!" ಅಂದ. ನೋಡಿದೆ. ಆಟದ ಅರ್ಧ ಮುಗಿದು ಎರಡೂ ತಂಡ ಕಡೆ ಬದಲಾಯಿಸಿವೆ. ನೀನು ಮಾತ್ರ ಮೊದಲು ನಿಂತಿದ್ದ ಗೋಲಿಗೇ ನಡೆದುಹೋಗಿ, ಕಂಬ ಮುಟ್ಟಿ, ಕೈ ತಟ್ಟಿ, ಕಾಯುತ್ತಾ ನಿಂತೆ. ಆ ಕಡೆಯ ಗೋಲ್‌ಕೀಪರ್ ಬಂದು ನಿನ್ನ ಹೆಗಲು ಮುಟ್ಟಿ ಏನೋ ಹೇಳಿದಳು. ಜನ ಎಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಇಲ್ಲಿ ಸೀಟು ವಿಭಾಗದವರೂ ನಕ್ಕರು. ನೀನೂ ನಕ್ಕು, ತಲೆಗೆ ಕೈ ಹಚ್ಚಿಕೊಂಡು ಆ ತುದಿಗೆ ಓಡಿದೆ.

ನಾನು ಇನ್ನೊಂದು ಸಲ ತೋರಿಸಲು ಹೇಳಿದೆ. ಅವಳು ಹೆಗಲು ಮುಟ್ಟುವ ಮುಂಚಿನ ನಿನ್ನ ಮುಖ ಒಂದು ಗಳಿಗೆ ಕಾಣುತ್ತದೆ. ಆ ಮುಖ ತಮಾಷೆ ಮಾಡುತ್ತಿರಲಿಲ್ಲ, ಹಲ್ಲಿ. ಜಾತ್ರೆಯಲ್ಲಿ ಕೈ ತಪ್ಪಿದ ಕೂಸು ಹೀಗೇ ನಿಂತಿರುತ್ತದೆ.

ಏನಾಗಿದೆ? ಸುತ್ತಿ ಬಳಸಿ ಬರೆಯಬೇಡ.

ದೊಡ್ಡಮ್ಮ


೨೪ ಅಕ್ಟೋಬರ್

ದೊಡ್ಡಮ್ಮ,

ನೀನೂ ಆ ವಿಡಿಯೋ ನೋಡಿ ಕೂತಿದೀಯಾ? ಊರೆಲ್ಲ ನೋಡಿ ನಕ್ಕಿದ್ದು ಸಾಲದಾ? ಯಾರಿಗೆ ಬೇಕಾದರೂ ಆಗುತ್ತೆ ಹಾಗೆ. ನೀನು ದಬ್ಬಳ ಸೆರಗಿಗೆ ಚುಚ್ಕೊಂಡು ಮನೆಯೆಲ್ಲ ಹುಡುಕಲ್ವಾ?

ಸಿಟ್ಟಾಗಿ ಇಷ್ಟು ಬರೆದು ಎದ್ದು ಹೋಗಿದ್ದೆ. ಈಗ ಮತ್ತೆ ಕೂತಿದೀನಿ. ನಿನಗೆ ಸುಳ್ಳು ಹೇಳಿ ನನಗೆ ಅಭ್ಯಾಸ ಇಲ್ಲ.

ಟ್ಯೂಬ್‌ಲೈಟ್ ಕಣ್ಣಿಗೆ ಚುಚ್ಚುತ್ತೆ. ರೂಮಿನ ಕಿಟಕಿಗೆ ಟವೆಲ್ ಕಟ್ಟಿದೀನಿ. ಬಸ್ಸಿನಲ್ಲಿ ಹೋಗೋವಾಗ ಕಣ್ಣು ಮುಚ್ಕೊಂಡಿರ್ತೀನಿ, ನಿದ್ದೆ ಅಂದ್ಕೊಳ್ತಾರೆ. ಅಭ್ಯಾಸದ ಹೊತ್ತಿನಲ್ಲಿ ಕೆಲವು ಸಲ ಚೆಂಡು ಎರಡು ಕಾಣುತ್ತೆ. ಹೆದರ್ಕೋಬೇಡ, ಲೆಕ್ಕ ಸಿಕ್ಕಿದೆ. ಎರಡರಲ್ಲಿ ಎಡಗಡೆಯದು ನಿಜದ್ದು. ಎಡಗಡೆಯದನ್ನು ಹಿಡೀತೀನಿ, ಕೈಗೆ ಸಿಗುತ್ತೆ. ಇವತ್ತಿನ ತನಕ ಒಂದು ಸಲವೂ ತಪ್ಪಿಲ್ಲ.

ಯಾರಿಗೂ ಹೇಳಬೇಡ. ಒಂದು ವಾರ ಕೂತರೂ ಕಡ್ಡಿ ಒಳಗೆ ಹೋಗ್ತಾಳೆ. ಈ ಕೆಲಸದಲ್ಲಿ ಒಳಗೆ ಹೋದವಳು ಮುರಿಯೋ ತನಕ ಹೊರಗೆ ಬರಲ್ಲ. ನಾನು ಬರ್ತೀನಾ? ಆರಿಸೋರು ಡಿಸೆಂಬರಿಗೆ ಬರ್ತಾರೆ. ಅಲ್ಲಿ ತನಕ ಅಷ್ಟೇ. ಆಮೇಲೆ ನೀನು ಹೇಳಿದಷ್ಟು ದಿನ ಮಲಗಿರ್ತೀನಿ, ಆಣೆ.

ಆ ಹದ್ದು ಅಂತ ಕರೀತಿದ್ದಿರಲ್ಲ, ಆ ಡ್ರೈವರ್ ಆಮೇಲೆ ಏನಾದ?

ಹಲ್ಲಿ


೨ ನವೆಂಬರ್

ಮಗಳೇ,

ಹದ್ದಿನ ಕಥೆಯ ಅರ್ಧ ಮಾತ್ರ ನಿನಗೆ ಬರೆದಿದ್ದೆ. ನಾವೆಲ್ಲ ಯಾವಾಗಲೂ ಆ ಅರ್ಧವನ್ನೇ ಹೇಳುತ್ತೇವೆ. ಇನ್ನರ್ಧಕ್ಕೆ ನಗಲು ಆಗುವುದಿಲ್ಲ. ಅವನ ಬಸ್ಸು ಒಂದು ದಿನ ನನ್ನ ವಿಭಾಗಕ್ಕೆ ಬಂತು. ಮುಂದಿನ ಎರಡು ಸಾಲು ಸೀಟು ಬದಲಾಯಿಸಬೇಕಿತ್ತು. ರೆಕ್ಸಿನ್ ತೊಳೆದರೆ ಸಾಲದೇ ಅಂತ ಕೇಳಿದೆ. ಒಳಗಿನ ಸ್ಪಂಜಿನ ತನಕ ಇಳಿದಿದೆ, ಅಂದರು. ಇಷ್ಟೇ ಸಾಕು.

"ಜಾಣೆ" ಅಂತ ನಿನಗೆ ಬರೆದ ಕೈ ಇದೇ. ಆ ಮಾತನ್ನು ವಾಪಸು ತೆಗೆದುಕೊಂಡೆ ಅಂತ ತಿಳಿ.

ಹಲ್ಲಿಗೆ ಬಾಲ ಕಿತ್ತುಹೋದರೆ ಮತ್ತೆ ಬೆಳೆಯುತ್ತದೆ. ತಲೆ ಬೆಳೆಯುವುದಿಲ್ಲ. ನಿನಗೆ ಬೆರಳು ಮುರಿದಾಗ, ಹೆಗಲು ಜಾರಿದಾಗ, ಹೋಗಲಿ ಬಾಲ ತಾನೇ ಅಂತ ಸುಮ್ಮನಿದ್ದೆ. ಇದು ಬಾಲವಲ್ಲ.

ನಿಮ್ಮ ಡಾಕ್ಟರಿಗೆ ಒಂದು ಕಾಗದ ಬರೆದು ಇದರೊಳಗೆ ಇಟ್ಟಿದ್ದೇನೆ. ನೇರವಾಗಿ ಅಂಚೆಗೆ ಹಾಕಬಹುದಿತ್ತು. ನಿನ್ನ ಬೆನ್ನ ಹಿಂದೆ ನಾನು ಯಾವತ್ತು ಏನು ಮಾಡಿದ್ದೇನೆ? ಲಕೋಟೆ ಅಂಟಿಸಿಲ್ಲ, ಓದಿಕೋ. ಓದಿ, ನೀನೇ ನಿನ್ನ ಕೈಯಾರೆ ಕೊಡು. ಕಳ್ಳಿಯ ಹಾಗೆ ಸಿಕ್ಕಿಬೀಳುವುದು ಬೇಡ, ತಲೆ ಎತ್ತಿಕೊಂಡು ಹೋಗಿ ಹೇಳಿದಳು ಅಂತಾಗಲಿ. ಕೊಟ್ಟ ಮೇಲೆ ನನಗೆ ಬರಿ.

ದೊಡ್ಡಮ್ಮ

(ಒಳಗಿದ್ದ ಕಾಗದ)

ಡಾಕ್ಟರಿಗೆ ನಮಸ್ಕಾರಗಳು. ನಾನು ಬಸ್ಸಿನ ಸೀಟು ಹೊಲಿಯುವವಳು, ತಲೆಯ ವಿಷಯ ತಿಳಿದವಳಲ್ಲ. ನಿಮ್ಮ ಗೋಲ್‌ಕೀಪರ್ ನನ್ನ ತಂಗಿಯ ಮಗಳು. ಜುಲೈ ತಿಂಗಳ ಪರೀಕ್ಷೆಯಲ್ಲಿ ಅವಳು ಬೇಕೆಂದೇ ತಪ್ಪು ಉತ್ತರ ಕೊಟ್ಟಿದ್ದಾಳೆ. ಆದ್ದರಿಂದ ಸೆಪ್ಟೆಂಬರಿನಲ್ಲಿ "ಮೊದಲಿನಷ್ಟೇ" ಬಂದದ್ದು ಸರಿಯಾಗಿರುವ ಲಕ್ಷಣವಲ್ಲ. ಅವಳಿಗೆ ಬೆಳಕು ಆಗುವುದಿಲ್ಲ. ಬರೆದದ್ದು ಮರೆಯುತ್ತಾಳೆ. ಚೆಂಡು ಎರಡಾಗಿ ಕಾಣುತ್ತದೆ. ದಯವಿಟ್ಟು ಅವಳನ್ನು ಕೂರಿಸಿ. ಬೈಯಬೇಡಿ.


೧೨ ನವೆಂಬರ್

ದೊಡ್ಡಮ್ಮಾ,

ಕೊಟ್ಟೆ. ನೀನು ಹೇಳಿದ ಹಾಗೇ ತಲೆ ಎತ್ತಿಕೊಂಡು ಹೋಗಿ ಕೊಟ್ಟೆ. ಡಾಕ್ಟರು ಎರಡು ಸಲ ಓದಿದರು. "ನಿಮ್ಮ ದೊಡ್ಡಮ್ಮ ಡಾಕ್ಟರಾಗಬೇಕಿತ್ತು" ಅಂದರು. ಬೈಯಲಿಲ್ಲ. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಒಂದು ಕಾಲಲ್ಲಿ ನಿಲ್ಲಿಸಿದರು, ಮಾತ್ರೆ ಕೊಟ್ಟರು. ಎರಡು ವಾರ ರೆಸ್ಟ್. ಆಮೇಲೆ ನೋಡೋಣ ಅಂದರು. ಹೇಳಿಬಿಟ್ಟ ಮೇಲೆ ಮನಸ್ಸು ಹತ್ತಿಯ ಹಾಗೆ ಹಗುರ ಆಯ್ತು.

ಈಗ ಒಂದೇ ಚೆಂಡು ಕಾಣೋದು. ಟವೆಲ್ ತೆಗೆದೆ. ಕಿಟಕಿಯಿಂದ ಒಂದು ಗ್ಯಾರೇಜು ಕಾಣುತ್ತೆ, ಅದರ ಗೋಡೆಗೆ ಹುಡುಗಿಯರು ಚೆಂಡು ಒದೀತಾರೆ. ನಿನ್ನ ನೆನಪಾಗುತ್ತೆ. ನೀನು ಚಿಂತೆ ಮಾಡದೆ ಉಂಡು ಮಲಗು. ನೀನಿಲ್ಲದಿದ್ದರೆ ನಾನು ಏನಾಗ್ತಿದ್ದೆ.

ನಿನ್ನ, ನಿನ್ನದೇ,
ಹಲ್ಲಿ


೨೦ ನವೆಂಬರ್

ನನ್ನ ಬಂಗಾರಕ್ಕೆ,

ನಿನ್ನ ಕಾಗದ ಓದಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಅಕ್ಷರಗಳೂ ಎಷ್ಟು ನೆಟ್ಟಗಿವೆ! ಒಂದೊಂದನ್ನೂ ತಿದ್ದಿ ತಿದ್ದಿ ಬರೆದ ಹಾಗಿವೆ. ಪಕ್ಕದ ಮನೆಯವಳಿಗೆ ತೋರಿಸಿದೆ. ಅವಳು ನನ್ನ ಅಂಗೈ ಮೇಲೆ "ಪುಣ್ಯ" ಅಂತ ಬರೆದಳು.

ಇದರ ಜೊತೆ ಒಂದು ಪೊಟ್ಟಣ ಇದೆ. ತಲೆಗೆ ಕಟ್ಟುವ ಪಟ್ಟಿ. ಎರಡು ಕಿವಿಯ ಮೇಲೂ ಬರುವ ಹಾಗೆ ಹೊಸ ಸೀಟಿನ ಸ್ಪಂಜು ಇಟ್ಟಿದ್ದೇನೆ, ಹಳೆಯದಲ್ಲ, ಮೇಸ್ತ್ರಿಯನ್ನೇ ಕೇಳಿ ತೆಗೆದುಕೊಂಡದ್ದು. ಮೇಲೆ ಮೆತ್ತನೆಯ ಬಟ್ಟೆ. ಗಲ್ಲದ ಕೆಳಗೆ ಕಟ್ಟಿಕೋ. ಕೆಂಪು ಗಂಟು ಇದರೊಳಗೂ ಇದೆ. ಎರಡು ವಾರ ಕಳೆದು ಡಾಕ್ಟರು ಹೂಂ ಅಂದರೆ ಇದನ್ನು ಕಟ್ಟಿಕೊಂಡೇ ಇಳಿ. ಬಸ್ಸಿನ ಹಾಗೆ ಕಾಣುತ್ತೀಯ ಅಂತ ನಕ್ಕರೆ ನಗಲಿ.

ದೊಡ್ಡಮ್ಮ


೬ ಡಿಸೆಂಬರ್

ದೊಡ್ಡಮ್ಮ ಅವರಿಗೆ,

ನಾನು ಯಾರು ಅಂತ ಗೊತ್ತಾಗಲಿಕ್ಕಿಲ್ಲ. ಅಕ್ಕನ ಜೊತೆ ಎರಡನೇ ಗೋಲ್‌ಕೀಪರ್ ನಾನು, ಕಡ್ಡಿ. ಅಕ್ಕ ನಿಮ್ಮನ್ನು ಹಾಗೆ ಕರೆಯುತ್ತಿದ್ದರಿಂದ ನಾನೂ ದೊಡ್ಡಮ್ಮ ಅಂತಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಕ್ಲಬ್ಬಿನವರು ನಿಮ್ಮ ಪಕ್ಕದ ಮನೆಗೆ ಫೋನು ಮಾಡಿದ್ದಾರೆ, ವಿಷಯ ತಲುಪಿದೆ, ನೀವು ಹೊರಟಿದ್ದೀರಿ ಅಂದರು. ಆದರೂ ಹೇಗಾಯಿತು ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಎದುರಿಗೆ ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೆ ಬರೆದು ಆಸ್ಪತ್ರೆಯಲ್ಲಿ ನಿಮ್ಮ ಕೈಗೆ ಕೊಡುತ್ತೇನೆ.

ಅಕ್ಕ ಒಂದು ಮ್ಯಾಚಿಗೂ ಕೂರಲಿಲ್ಲ ದೊಡ್ಡಮ್ಮ. ರೆಸ್ಟ್ ತೆಗೆದುಕೊಳ್ಳಲಿಲ್ಲ. ಆರಿಸುವವರು ಬಂದಿದ್ದ ದಿನ ಅದು. ಬೆಳಗ್ಗೆ ನಾನೇ ಅವಳ ಕೈ ಬಿಸಿ ಮಾಡಿಸಿದೆ. "ಏಯ್ ಕಡ್ಡಿ, ಎಡಗಡೆಗೇ ಹೊಡಿ, ಎಡಗಡೆಗೇ" ಅನ್ನುತ್ತಿದ್ದಳು. ಯಾಕೆ ಅಂತ ತಿಳಿಯಲಿಲ್ಲ.

ಎರಡನೇ ಅರ್ಧದಲ್ಲಿ ದೂರದಿಂದ ಒಂದು ಹೊಡೆತ ಬಂತು. ಜೋರಾದದ್ದೇನಲ್ಲ, ನಾನೂ ಹಿಡಿಯುತ್ತಿದ್ದೆ. ಅಕ್ಕ ಚೆಂಡು ಬರುವ ಕಡೆಗೆ ಹಾರಲಿಲ್ಲ. ಅದರ ಎಡಕ್ಕೆ, ಏನೂ ಇಲ್ಲದ ಕಡೆಗೆ ಹಾರಿದಳು. ಎರಡೂ ಕೈ ಚಾಚಿ, ಹಿಡಿದು, ಎದೆಗೆ ಅಪ್ಪಿಕೊಂಡಳು. ನಿಜವಾಗಿ ಹಿಡಿದವಳ ಹಾಗೇ ಅಪ್ಪಿಕೊಂಡಳು. ಕೈ ಎದೆಯ ಮೇಲಿದ್ದದ್ದರಿಂದ ತಲೆಗೆ ಅಡ್ಡ ಬರಲಿಲ್ಲ. ಕಂಬಕ್ಕೆ ಬಡಿಯಿತು. ಚೆಂಡು ಆ ಕಡೆಯಿಂದ ಒಳಗೆ ಹೋಯಿತು. ಬಿದ್ದಮೇಲೂ ಕೈ ಬಿಡಿಸಲು ಆಗಲಿಲ್ಲ, ಅಷ್ಟು ಬಿಗಿಯಾಗಿ ಅಪ್ಪಿಕೊಂಡಿದ್ದಳು.

ಕೋಚ್ ನನ್ನ ಕಡೆ ತಿರುಗಿ "ಇಳಿ" ಅಂದರು. ಅಕ್ಕನನ್ನು ಎತ್ತಿಕೊಂಡು ಹೋಗುವ ಮುಂಚೆಯೇ ನಾನು ಕೋಟು ಬಿಚ್ಚಿದ್ದೆ.

ಅವಳ ಗ್ಲೌಸಿನ ಚೀಲ ನಾನೇ ತೆಗೆದಿಟ್ಟೆ. ಅದರೊಳಗೆ ನೀವು ಡಾಕ್ಟರಿಗೆ ಬರೆದ ಕಾಗದವಿತ್ತು, ನಾಲ್ಕು ಮಡಿಕೆ ಮಾಡಿ, ಸುತ್ತಿಟ್ಟ ಸ್ಪಂಜಿನ ಪಟ್ಟಿಯ ಸಂದಿಯಲ್ಲಿ ತುರುಕಿ. ನೀವು ಪಟ್ಟಿಗೆ ಸುತ್ತಿ ಕಳಿಸಿದ್ದ ದಾರ ಬಿಚ್ಚಿರಲಿಲ್ಲ, ಒಂದು ಸಲವೂ ತಲೆಗೆ ಕಟ್ಟಿಕೊಂಡಿಲ್ಲ. ಕಾಗದ ನಾನು ಡಾಕ್ಟರಿಗೆ ಕೊಟ್ಟೆ. ಅವರು ನಿಂತಲ್ಲೇ ಓದಿದರು. ಇದು ಮೊದಲೇ ಯಾರಿಗಾದರೂ ಗೊತ್ತಿತ್ತಾ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ ದೊಡ್ಡಮ್ಮ. ನಿಜವಾಗಿ ಗೊತ್ತಿರಲಿಲ್ಲ. ಆದರೆ ಆ ವಿಡಿಯೋ ತೆಗೆದ ಮ್ಯಾಚಿನಲ್ಲಿ ಅವಳು ತಪ್ಪು ಗೋಲಿಗೆ ನಡೆದುಹೋದಾಗ, ನಾನು ಬೆಂಚಿನ ಮೇಲೆ ಕೂತು ನಗಲಿಲ್ಲ. ಆಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಬರೆಯಲಾರೆ.

ಕಡ್ಡಿ


೧೬ ಮಾರ್ಚ್

ಮಗೂ ಕಡ್ಡಿ,

ನಿನ್ನ ಎರಡೂ ಕಾಗದಕ್ಕೆ ಉತ್ತರ ತಡವಾಯಿತು. ಮನಸ್ಸಿನಲ್ಲಿ ಬಂದದ್ದಕ್ಕೆ ಅಳಬೇಡ. ಅವಳೂ ಒಂಬತ್ತು ವರ್ಷ ಬೇರೆಯವರ ಮೂಳೆ ಮುರಿಯಲಿ ಅಂತ ಬೇಡಿಕೊಂಡವಳೇ. ಅದು ಆ ಬೆಂಚಿನ ಗುಣ, ನಿನ್ನದಲ್ಲ.

ನಿಮ್ಮಕ್ಕನನ್ನು ಮನೆಗೆ ಕರೆತಂದು ಒಂದು ತಿಂಗಳಾಯಿತು. ನಡೆಯುತ್ತಾಳೆ, ಉಣ್ಣುತ್ತಾಳೆ, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬರುತ್ತಾಳೆ. ಬೆಳಕು ಆಗದ್ದರಿಂದ ಕಿಟಕಿಗೆ ಕಪ್ಪು ರೆಕ್ಸಿನ್ ಹೊಲಿದು ಹಾಕಿದ್ದೇನೆ. ನನ್ನ ಹೊಲಿಗೆ ಯಂತ್ರವನ್ನು ಅವಳ ರೂಮಿಗೇ ತಂದು, ಬಾಗಿಲಿನಿಂದ ಬರುವ ಬೆಳಕಿನಲ್ಲಿ ಕೆಲಸ ಮಾಡುತ್ತೇನೆ. ಅವಳಿಗೆ ಹಳೆಯದೆಲ್ಲ ನೆನಪಿದೆ. ಡಿಪೋದ ಗೋಡೆ, ಸೊಂಟದ ಸ್ಪಂಜು, ಅವರಮ್ಮನ ಸೀರೆಯ ಬಣ್ಣ. ಬೆಳಗ್ಗೆ ತಿಂದದ್ದು ನೆನಪಿರುವುದಿಲ್ಲ. ದಿನಕ್ಕೊಂದು ಸಲ ನನ್ನ ಮುಖ ಹಿಡಿದು ತನ್ನ ಕಡೆಗೆ ತಿರುಗಿಸಿ, ನಾನು ತುಟಿ ಓದಲಿ ಅಂತ ನಿಧಾನವಾಗಿ, "ದೊಡ್ಡಮ್ಮ, ಈ ಸಲ ಗೋಲು ನನ್ನದು" ಅನ್ನುತ್ತಾಳೆ. ದಿನಾ ಹೊಸ ಸುದ್ದಿಯ ಹಾಗೇ ಹೇಳುತ್ತಾಳೆ. ದಿನಾ ಹೊಸದಾಗಿ ಕೇಳಿದವಳ ಹಾಗೆ ನಾನೂ ಹೌದಾ ಅನ್ನುತ್ತೇನೆ.

ನನಗೆ ಒಂದೇ ಹಿಂಸೆ. ಕಾಗದವನ್ನು ನಾನು ಅವಳ ಕೈಗೇ ಕೊಟ್ಟೆ. ಬಂದದ್ದನ್ನು ಹಿಡಿದಿಟ್ಟುಕೊಳ್ಳುವುದೇ ಕಸುಬಾದವಳ ಕೈಗೆ ಕೊಟ್ಟು, ದಾಟಿಸುತ್ತಾಳೆ ಅಂತ ಕಾದೆ. ಅವಳು ಬರೆದ ಸುಳ್ಳು ಕಾಗದ ಇನ್ನೂ ಇದೆ. ಎಷ್ಟು ಮುದ್ದಾದ ಕಾಗದ. ಅದನ್ನು ತೆಗೆದು ಓದಿದರೆ ಈಗಲೂ ಅರ್ಧ ಗಳಿಗೆ ನಂಬಿಕೆ ಬಂದುಬಿಡುತ್ತದೆ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಜುಲೈನಲ್ಲಿ ಹೊಸ ಸೀಸನ್ನಿಗೆ ಹೊಸ ಪರೀಕ್ಷೆ, ಹಳಬರೆಲ್ಲ ತಪ್ಪು ಉತ್ತರ ಕೊಡು ಅನ್ನುತ್ತಿದ್ದಾರೆ, ಈಗ ಒಂದನೇ ಅಂಗಿ ನನ್ನದು, ಏನು ಮಾಡಲಿ, ಅಕ್ಕನನ್ನು ಒಂದು ಮಾತು ಕೇಳಿ, ಅಂತ ಬರೆದಿದ್ದೀಯ. ಕೇಳುವುದೋ ಬೇಡವೋ ಅಂತ ನಾಲ್ಕಾರು ದಿನ ಒದ್ದಾಡಿದೆ. ಕೊನೆಗೆ ನಿನ್ನ ಕಾಗದ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಮುಖ ತಿರುಗಿಸಿ, ಸ್ಪಷ್ಟವಾಗಿ ಹೇಳಿದಳು: "ಮನೆಯನ್ನು ಮೀನು ಅನ್ನು ಅಂತ ಹೇಳು. ಪೆದ್ದಿ ಅದು, ಎಲ್ಲ ಸರಿಯಾಗಿ ಹೇಳಿಬಿಡುತ್ತೆ."

ಅವಳು ಹೇಳಿದ್ದನ್ನು ಮುಚ್ಚಿಡದೆ ಬರೆದಿದ್ದೇನೆ. ಇನ್ನು ನನ್ನ ಮಾತು. ಮನೆಯನ್ನು ಮನೆ ಅನ್ನು ಮಗೂ. ಮರವನ್ನು ಮರ ಅನ್ನು. ಅಂಗಿ ಹೋದರೆ ಹೋಗಲಿ. ಅವಳು ಬಿಚ್ಚದೆ ಇಟ್ಟಿದ್ದ ಸ್ಪಂಜಿನ ಪಟ್ಟಿಯನ್ನು ನಿನ್ನ ತಲೆಯ ಅಳತೆಗೆ ಚಿಕ್ಕದು ಮಾಡಿ ಕಳಿಸುತ್ತಿದ್ದೇನೆ. ನಿನ್ನ ತಲೆ ನಾನು ಆಸ್ಪತ್ರೆಯಲ್ಲಿ ಒಂದೇ ಸಲ ನೋಡಿದ್ದು. ಹೆಚ್ಚುಕಮ್ಮಿ ಆಗಿದ್ದರೆ ಬರಿ.

ಇಷ್ಟು ಬರೆಯುವಷ್ಟರಲ್ಲಿ ಮೊಣಕೈ ತಾಗಿ ದಾರದ ಉಂಡೆ ಮೇಜಿನಿಂದ ಜಾರಿತು. ನಾನು ತಿರುಗುವ ಮುಂಚೆಯೇ ನಿಮ್ಮಕ್ಕ ಮಂಚದಿಂದ ಕೈ ಚಾಚಿ ನೆಲ ಮುಟ್ಟಗೊಡದೆ ಹಿಡಿದಿದ್ದಾಳೆ. ಕಣ್ಣು ನೋಡಿರಲಿಲ್ಲ, ಕೈ ನೋಡಿತ್ತು. ಹಿಡಿದು ಎದೆಗೆ ಒತ್ತಿಕೊಂಡು, ಆಮೇಲೆ ಕೈ ಬಿಡಿಸಿ ನೋಡಿ, "ಇದು ಯಾರದು ದೊಡ್ಡಮ್ಮ?" ಅಂತ ಕೇಳುತ್ತಿದ್ದಾಳೆ.

ಗ್ಲೌಸ್ ಕಿತ್ತರೆ ಕಳಿಸು, ಹೊಲಿದುಕೊಡುತ್ತೇನೆ. ಮಾತಾಡಬೇಕು ಅನ್ನಿಸಿದರೆ ಬರಿ. ಪರೀಕ್ಷೆಯಲ್ಲಿ ಏನು ಉತ್ತರ ಕೊಟ್ಟೆ ಅನ್ನುವುದನ್ನು ಮಾತ್ರ ಬರೆಯಬೇಡ. ಬರೆದರೆ ನಾನು ಮತ್ತೆ ನಂಬಿಬಿಡುತ್ತೇನೆ.

ನಿನಗೂ,
ದೊಡ್ಡಮ್ಮ